ರಕ್ತದಾನಿಗಳ ಮರುದಾನ: ಇತಿಹಾಸ

ಒಮ್ಮೆ ರಕ್ತ ಕೊಟ್ಟ ಸ್ವಯಂಪ್ರೇರಿತ ದಾನಿ ನಿಗದಿತ ಅಂತರದಲ್ಲಿ ಮತ್ತೆ ಮತ್ತೆ ಬಂದು ಕೊಡುವುದಕ್ಕೆ ಮರುದಾನ ಎನ್ನಬಹುದು. ದಾನಿಗಳು ಹೀಗೆ ಬರುತ್ತಿರುವಂತೆ ನೋಡಿಕೊಳ್ಳುವುದು ರಕ್ತಕೇಂದ್ರಗಳ ಮುಖ್ಯ ಕೆಲಸಗಳಲ್ಲಿ ಒಂದು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ರಕ್ತವನ್ನು ಬಹುಕಾಲ ಕೂಡಿಡಲಾಗದು. ಸಾಮಾನ್ಯ ಸಂರಕ್ಷಕ ದ್ರಾವಣದಲ್ಲಿ ರಕ್ತ 35 ದಿನ, ಪೂರಕ ದ್ರಾವಣ ಸೇರಿಸಿದ ಕೆಂಪುಕಣ 42 ದಿನ ಉಳಿದರೆ, ಪ್ಲೇಟ್‌ಲೆಟ್ ಉಳಿಯುವುದು ಸುಮಾರು 5 ದಿನ ಮಾತ್ರ. ತೀವ್ರ ಥಲಸ್ಸೀಮಿಯಾ ಇರುವ ಮಗುವಿಗಾದರೋ 2ರಿಂದ 4 ವಾರಕ್ಕೊಮ್ಮೆ, ಜೀವನವಿಡೀ ರಕ್ತ ಬೇಕು. ಎರಡನೆಯದು ಸುರಕ್ಷತೆ. ನಿಯಮಿತವಾಗಿ ಕೊಡುವವರ ರಕ್ತ ಪ್ರತಿ ಸಲವೂ ಪರೀಕ್ಷೆಯಾಗಿರುತ್ತದೆ. ಹೊಸಬರಿಗೆ ಹೋಲಿಸಿದರೆ ಅವರಲ್ಲಿ ಸೋಂಕು ಕಡಿಮೆ.

ದಾನಿಪಟ್ಟಿಗಳ ಕಾಲ

ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ವಿವರಿಸಿದ ಮೇಲೆ ರಕ್ತಪೂರಣಕ್ಕೆ ವೈಜ್ಞಾನಿಕ ತಳಹದಿ ಸಿಕ್ಕಿತು. ಸೋಡಿಯಂ ಸಿಟ್ರೇಟ್ ಬೆರೆಸಿದರೆ ರಕ್ತ ಹೆಪ್ಪುಗಟ್ಟದೆಂಬುದು 1914-15ರ ಹೊತ್ತಿಗೆ ಬಳಕೆಗೆ ಬಂತು. ಆದರೂ ದಾಸ್ತಾನಿನ ವ್ಯವಸ್ಥೆ ಇಲ್ಲದ್ದರಿಂದ, ರೋಗಿಗೆ ಬೇಕಾದಾಗ ದಾನಿಯೇ ಆಸ್ಪತ್ರೆಗೆ ಓಡಿಬರಬೇಕಿತ್ತು.

1921ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆ ತುರ್ತಾಗಿ ದಾನಿ ಬೇಕೆಂದು ರೆಡ್‌ಕ್ರಾಸ್‌ನ ಕ್ಯಾಂಬರ್‌ವೆಲ್ ಶಾಖೆಯನ್ನು ಕೇಳಿತು. ಅಲ್ಲಿನ ಗೌರವ ಕಾರ್ಯದರ್ಶಿ ಪರ್ಸಿ ಲೇನ್ ಆಲಿವರ್ ಕೆಲವು ಸ್ವಯಂಸೇವಕರೊಡನೆ ಹೋದರು. ಅದೇ ಅನುಭವದಿಂದ, ಕರೆದ ಕೂಡಲೇ ಬರಲು ಸಿದ್ಧರಿರುವವರ ಪಟ್ಟಿಯೊಂದನ್ನು ಆಲಿವರ್ ಮಾಡಿದರು. ಪ್ರತಿ ದಾನಿಗೂ ಒಂದು ಕಾರ್ಡು. ಅದರಲ್ಲಿ ಹೆಸರು, ರಕ್ತದ ಗುಂಪು, ಆರೋಗ್ಯ, ಹಿಂದೆ ಕೊಟ್ಟ ವಿವರ. ದೂರವಾಣಿ ಕರೆಗಳಿಗೆ ಆಲಿವರ್ ದಂಪತಿ ಮನೆಯಿಂದಲೇ ಉತ್ತರಿಸುತ್ತಿದ್ದರು. ವೈದ್ಯಕೀಯ ಸಲಹೆಗೆ ಶಸ್ತ್ರವೈದ್ಯ ಜೆಫ್ರಿ ಕೇನ್ಸ್ ಇದ್ದರು. ದಾನಿಗೆ ಹಣ ಕೊಡುತ್ತಿರಲಿಲ್ಲ. ಆದರೆ ಅವರ ತೋಳನ್ನು ಕೊಯ್ಯದೆ ಸೂಜಿಯಿಂದಲೇ ರಕ್ತ ತೆಗೆಯಬೇಕು, ಅವರನ್ನು ಗೌರವದಿಂದ ನಡೆಸಿಕೊಳ್ಳಬೇಕು ಎಂದು ಆಲಿವರ್ ಆಸ್ಪತ್ರೆಗಳನ್ನು ಒತ್ತಾಯಿಸುತ್ತಿದ್ದರು. ದಾಖಲೆ, ಗೊತ್ತಾದ ಅಂತರ, ನೋವಾಗದಂತೆ ಎಚ್ಚರ, ಮರ್ಯಾದೆ: ಮರುದಾನದ ಮುಂದಿನ ಪ್ರಯತ್ನಗಳೆಲ್ಲ ಈ ನಾಲ್ಕನ್ನೇ ಬೇರೆ ಬೇರೆ ರೀತಿಯಲ್ಲಿ ವಿಸ್ತರಿಸಿವೆ.

ಇಟಲಿಯ ಮಿಲಾನಿನಲ್ಲಿ ವೈದ್ಯ ವಿಟ್ಟೋರಿಯೋ ಫಾರ್ಮೆಂಟಾನೋ 1927ರಲ್ಲಿ ದಾನಿಗಳನ್ನು ಕಲೆಹಾಕಿ ಕಟ್ಟಿದ ‘ಆವಿಸ್’ ಮತ್ತೊಂದು ಮಾದರಿ. ಇಲ್ಲಿ ದಾನಿಗಳೇ ಸಂಘದ ಸದಸ್ಯರು. ಊರೂರಿನ ಶಾಖೆಗಳೇ ಅವರನ್ನು ಮತ್ತೆ ಕರೆತರುತ್ತವೆ.

ರಕ್ತನಿಧಿ, ಯುದ್ಧ ಮತ್ತು ಹಣ

1937ರಲ್ಲಿ ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ‘ಬ್ಲಡ್ ಬ್ಯಾಂಕ್’ ತೆರೆದರು. ದಾಸ್ತಾನು ಸಾಧ್ಯವಾದ ಮೇಲೆ ದಾನಿಗೂ ರೋಗಿಗೂ ಮುಖಾಮುಖಿ ತಪ್ಪಿತು. ತನ್ನ ರಕ್ತ ಯಾರಿಗೆ ಹೋಯಿತೆಂಬುದು ದಾನಿಗೆ ತಿಳಿಯದಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ರೆಡ್‌ಕ್ರಾಸ್ 1.3 ಕೋಟಿಗೂ ಹೆಚ್ಚು ಯೂನಿಟ್ ರಕ್ತ ಸಂಗ್ರಹಿಸಿತು. ಯುದ್ಧ ಮುಗಿದಾಗ ಆ ಕಾರ್ಯಕ್ರಮವೂ ಮುಗಿಯಿತು. ನಾಗರಿಕರಿಗಾಗಿ ಅದು ಮತ್ತೆ ಶುರುವಾದದ್ದು 1948ರಲ್ಲಿ. ತುರ್ತಿನ ಕರೆಗೆ ಬಂದವರನ್ನು ಶಾಂತಿಕಾಲದಲ್ಲೂ ಬರುವಂತೆ ಮಾಡುವುದು ಅಂದಿನಿಂದ ಪ್ರತ್ಯೇಕ ಸಮಸ್ಯೆಯಾಗಿ ಉಳಿದಿದೆ.

ಹಲವು ದೇಶಗಳು ಇದಕ್ಕೆ ಹಣವೇ ಪರಿಹಾರವೆಂದು ನಂಬಿದವು. ಜಪಾನಿನಲ್ಲಿ 1964ರಲ್ಲಿ ಇರಿತಕ್ಕೊಳಗಾದ ಅಮೆರಿಕದ ರಾಯಭಾರಿ ಎಡ್ವಿನ್ ರೈಷವರ್ ಅವರಿಗೆ, ಪಡೆದ ರಕ್ತದಿಂದ ಹೆಪಟೈಟಿಸ್ ತಗುಲಿತು. ರಕ್ತ ಮಾರುವವರನ್ನು ನೆಚ್ಚಿಕೊಂಡ ವ್ಯವಸ್ಥೆಯ ಅಪಾಯ ಬಯಲಾಗಿ, ಅದೇ ವರ್ಷ ಸರ್ಕಾರ ದಾನವನ್ನು ಉತ್ತೇಜಿಸುವ ತೀರ್ಮಾನ ಮಾಡಿತು. 1970ರಲ್ಲಿ ಬ್ರಿಟನ್ನಿನ ರಿಚರ್ಡ್ ಟಿಟ್ಮಸ್ ತಮ್ಮ ಗ್ರಂಥದಲ್ಲಿ ಬ್ರಿಟನ್ ಮತ್ತು ಅಮೆರಿಕದ ವ್ಯವಸ್ಥೆಗಳನ್ನು ಹೋಲಿಸಿ, ಹಣಕ್ಕೆ ಪಡೆದ ರಕ್ತ ಹೆಚ್ಚು ಅಪಾಯಕಾರಿ, ಹಣವು ಕೊಡುವ ಮನಸ್ಸನ್ನೂ ಕುಗ್ಗಿಸುತ್ತದೆ ಎಂದು ವಾದಿಸಿದರು. 1975ರಲ್ಲಿ ವಿಶ್ವ ಆರೋಗ್ಯ ಸಭೆ ಹಣರಹಿತ ಸ್ವಯಂಪ್ರೇರಿತ ದಾನವನ್ನು ಬೆಳೆಸುವಂತೆ ಸದಸ್ಯರಾಷ್ಟ್ರಗಳಿಗೆ ಕರೆ ಕೊಟ್ಟಿತು. ಟಿಟ್ಮಸ್ ವಾದ ಇಂದಿಗೂ ಚರ್ಚೆಯಲ್ಲಿದೆ. 2008ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗವೊಂದರಲ್ಲಿ ಹಣದ ಆಮಿಷದಿಂದ ದಾನಿಗಳಾಗಲು ಒಪ್ಪುವ ಮಹಿಳೆಯರ ಪ್ರಮಾಣ ಇಳಿಯಿತು, ಪುರುಷರಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಆ ಹಣವನ್ನು ದತ್ತಿಗೆ ಕೊಡುವ ಅವಕಾಶವಿಟ್ಟಾಗ ಮಹಿಳೆಯರಲ್ಲಿನ ಇಳಿಕೆಯೂ ಇಲ್ಲವಾಯಿತು. ಸಣ್ಣ ಉಡುಗೊರೆ, ರಜೆ ಮೊದಲಾದ ಸವಲತ್ತುಗಳಿಂದ ದಾನ ಹೆಚ್ಚಿದ ಅಧ್ಯಯನಗಳೂ ಇವೆ.

ಭಾರತದಲ್ಲಿ

ಭಾರತದ ಮೊದಲ ರಕ್ತನಿಧಿ ಯುದ್ಧಕಾಲದ ಕಲ್ಕತ್ತೆಯಲ್ಲಿ ಹುಟ್ಟಿತು. ಮುಂಬಯಿಯಲ್ಲಿ ಸಮಾಜಸೇವಕಿ ಲೀಲಾ ಮೂಲ್ಗಾಂವ್‌ಕರ್ 1950ರ ದಶಕದಲ್ಲಿ ಶಿಬಿರಗಳ ಮೂಲಕ ಸ್ವಯಂಪ್ರೇರಿತ ದಾನವನ್ನು ಜನಪ್ರಿಯಗೊಳಿಸಿದರು. ಚಂಡೀಗಢದ ವೈದ್ಯ ಜೆ. ಜಿ. ಜಾಲಿ ಅವರ ಮುಂದಾಳುತನದಲ್ಲಿ ಬೆಳೆದ ಚಳವಳಿಯಿಂದ 1975ರಿಂದ ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವಾಗಿದೆ. ಪಶ್ಚಿಮ ಬಂಗಾಳದಲ್ಲಿ 1980ರಲ್ಲಿ ದಾನಿಗಳದೇ ಸಂಘ ಸ್ಥಾಪನೆಯಾಯಿತು.

ಆದರೂ ದಶಕಗಳ ಕಾಲ ವ್ಯವಸ್ಥೆ ನಿಂತಿದ್ದದ್ದು ರಕ್ತ ಮಾರುವವರ ಮೇಲೆ ಮತ್ತು ಬದಲಿ ದಾನಿಗಳ ಮೇಲೆ, ಎಂದರೆ ರೋಗಿಯ ಪರವಾಗಿ ರಕ್ತ ಕೊಡುವ ನೆಂಟರಿಷ್ಟರ ಮೇಲೆ. ‘ಕಾಮನ್ ಕಾಸ್’ ಸಂಸ್ಥೆ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಜನವರಿಯಲ್ಲಿ ಕೊಟ್ಟ ತೀರ್ಪು ಈ ಚರಿತ್ರೆಯ ದೊಡ್ಡ ತಿರುವು. ಅದರಂತೆ ರಾಷ್ಟ್ರೀಯ ಮತ್ತು ರಾಜ್ಯ ರಕ್ತಪೂರಣ ಮಂಡಳಿಗಳು ಹುಟ್ಟಿದವು. 1998ರ ಜನವರಿ 1ರಿಂದ ರಕ್ತ ಮಾರಾಟ ನಿಷೇಧವಾಯಿತು. ಬದಲಿ ದಾನಿಯ ಪದ್ಧತಿ ಮಾತ್ರ ಪೂರ್ತಿ ಮರೆಯಾಗಿಲ್ಲ. ಮನೆಯವರಿಗಾಗಿ ಒಮ್ಮೆ ಕೊಟ್ಟವರನ್ನು ನಿಯಮಿತ ದಾನಿಗಳಾಗಿ ಪರಿವರ್ತಿಸುವುದು ಹೀಗಾಗಿ ಭಾರತದ ರಕ್ತಕೇಂದ್ರಗಳ ಮುಖ್ಯ ಗುರಿಗಳಲ್ಲೊಂದು.

ಕರ್ನಾಟಕದಲ್ಲಿ ರೆಡ್‌ಕ್ರಾಸ್, ರಾಷ್ಟ್ರೋತ್ಥಾನ, ಬೆಂಗಳೂರು ಮೆಡಿಕಲ್ ಸರ್ವಿಸಸ್ ಟ್ರಸ್ಟ್ ಮೊದಲಾದ ಸಂಸ್ಥೆಗಳು ಕಾಲೇಜು, ಕಚೇರಿ, ಕಾರ್ಖಾನೆಗಳಲ್ಲಿ ಶಿಬಿರ ನಡೆಸುತ್ತ ಬಂದಿವೆ. ರಾಜ್ಯೋತ್ಸವಕ್ಕೂ ಚಿತ್ರನಟರ ಹುಟ್ಟುಹಬ್ಬಕ್ಕೂ ಶಿಬಿರ ಏರ್ಪಡಿಸುವುದು ಇಲ್ಲಿ ರೂಢಿ. ಇದರಿಂದ ಹೊಸ ದಾನಿಗಳು ದೊರೆಯುತ್ತಾರೆ. ಆದರೆ ಒಂದೇ ದಿನ ಮಿತಿಮೀರಿ ಸಂಗ್ರಹವಾದರೆ ರಕ್ತದ ಅವಧಿ ಮೀರುವ ಅಪಾಯವಿದೆ. ಅಂದು ಕೊಟ್ಟವರಾರೂ ಮುಂದಿನ ಮೂರು ತಿಂಗಳು ಕೊಡುವಂತಿಲ್ಲ. ಪರೀಕ್ಷೆ ಮತ್ತು ಬೇಸಿಗೆ ರಜೆಯಲ್ಲಿ ಕಾಲೇಜು ಶಿಬಿರಗಳು ನಿಂತಾಗ ಕೊರತೆ ಕಾಣಿಸುತ್ತದೆ. ಆ ಕೊರತೆಯನ್ನು ತುಂಬಬಲ್ಲವರು ಕರೆದಾಗ ಒಬ್ಬೊಬ್ಬರಾಗಿ ಬರುವ ಹಳೆಯ ದಾನಿಗಳು.

ಮತ್ತೆ ಬರಲು, ಬಾರದಿರಲು ಕಾರಣ

ಅಮೆರಿಕದ ಜೇನ್ ಪಿಲಿಯಾವಿನ್ ಮತ್ತು ಪೀಟರ್ ಕ್ಯಾಲೆರೋ 1991ರ ತಮ್ಮ ಕೃತಿಯಲ್ಲಿ ದಾನಿ ಹಂತಹಂತವಾಗಿ ರೂಪುಗೊಳ್ಳುವುದನ್ನು ವಿವರಿಸಿದರು. ಮೊದಮೊದಲು ಗೆಳೆಯರ ಒತ್ತಾಯ ಕೆಲಸಮಾಡುತ್ತದೆ. ಕೆಲವು ಸಲ ಕೊಟ್ಟ ಮೇಲೆ ‘ನಾನು ರಕ್ತದಾನಿ’ ಎಂಬ ಭಾವವೇ ಕರೆತರುತ್ತದೆ. ಆದ್ದರಿಂದ ಮೊದಲ ದಾನಕ್ಕೂ ಎರಡನೆಯದಕ್ಕೂ ನಡುವಿನ ಅವಧಿ ನಿರ್ಣಾಯಕ. ತಲೆಸುತ್ತಿ ಬಿದ್ದವರು, ಹಿಮೊಗ್ಲೋಬಿನ್ ಕಡಿಮೆಯೆಂದು ವಾಪಸಾದವರು ಮರಳಿ ಬರುವುದು ಕಡಿಮೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ. ದಾನಕ್ಕೆ ಸ್ವಲ್ಪ ಮುಂಚೆ ಸುಮಾರು ಅರ್ಧ ಲೀಟರ್ ನೀರು ಕುಡಿಸುವುದು, ಕಾಲಿನ ಸ್ನಾಯುಗಳನ್ನು ಬಿಗಿದು ಸಡಿಲಿಸುವಂತೆ ಹೇಳುವುದು ತಲೆಸುತ್ತನ್ನು ತಗ್ಗಿಸಲು ಕಂಡುಕೊಂಡ ಸರಳ ಉಪಾಯಗಳು.

ಜಿಂಬಾಬ್ವೆಯಲ್ಲಿ 1989ರಲ್ಲಿ ಶುರುವಾದ ‘ಕ್ಲಬ್ 25’ ತರುಣರಿಂದ 25 ಸಲ ರಕ್ತ ಕೊಡುವ ಸಂಕಲ್ಪ ಮಾಡಿಸಿತು. ಸುರಕ್ಷಿತ ಜೀವನಕ್ರಮವೂ ಆ ಸಂಕಲ್ಪದ ಭಾಗವಾಗಿದ್ದರಿಂದ ಎಚ್‌ಐವಿ ಹಬ್ಬಿದ್ದ ದಿನಗಳಲ್ಲಿ ಅನೇಕ ದೇಶಗಳು ಅದನ್ನು ಅನುಸರಿಸಿದವು. ಸ್ವೀಡನ್ನಿನ ರಕ್ತಕೇಂದ್ರಗಳು ದಾನಿಯ ರಕ್ತ ರೋಗಿಗೆ ಬಳಕೆಯಾದಾಗ ಅವರ ಮೊಬೈಲಿಗೆ ಸಂದೇಶ ಕಳಿಸತೊಡಗಿದವು. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ 1954ರಿಂದ 2018ರವರೆಗೆ 1,173 ಸಲ ದಾನಮಾಡಿದರು. ಅವರ ಪ್ಲಾಸ್ಮಾದಲ್ಲಿದ್ದ ಪ್ರತಿಕಾಯದಿಂದ ತಾಯಿಯ ಮತ್ತು ಗರ್ಭಸ್ಥ ಶಿಶುವಿನ ಆರ್‌ಎಚ್ ರಕ್ತಗುಂಪು ಹೊಂದದಿದ್ದಾಗ ಶಿಶುವಿಗಾಗುವ ತೊಂದರೆಯನ್ನು ತಡೆಯುವ ಔಷಧ ತಯಾರಾಗುತ್ತಿತ್ತು.

ದಾನಿಯ ಆರೋಗ್ಯ

ಪದೇ ಪದೇ ಕೊಡುವುದಕ್ಕೆ ದೇಹದ ಮಿತಿಯಿದೆ. ಇಂಗ್ಲೆಂಡಿನಲ್ಲಿ ಸುಮಾರು 45,000 ದಾನಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ‘ಇಂಟರ್ವಲ್’ ಅಧ್ಯಯನದಲ್ಲಿ, ಅಂತರ ಕಡಿಮೆ ಮಾಡಿದಾಗ ಸಂಗ್ರಹ ಹೆಚ್ಚಿತು, ಜೊತೆಗೆ ದಾನಿಗಳಲ್ಲಿ ಕಬ್ಬಿಣಾಂಶದ ಕೊರತೆಯೂ ಹೆಚ್ಚಿತು. ಭಾರತದ ನಿಯಮದಂತೆ 18ರಿಂದ 65 ವಯಸ್ಸಿನ, ಕನಿಷ್ಠ 45 ಕಿಲೋ ತೂಕದ, ಪ್ರತಿ ಡೆಸಿಲೀಟರ್ ರಕ್ತದಲ್ಲಿ ಕನಿಷ್ಠ 12.5 ಗ್ರಾಂ ಹಿಮೊಗ್ಲೋಬಿನ್ ಇರುವವರು ರಕ್ತ ಕೊಡಬಹುದು. ಪುರುಷರಿಗೆ 90 ದಿನ, ಮಹಿಳೆಯರಿಗೆ 120 ದಿನ ಅಂತರವಿರಬೇಕು. ಮುಂದಿನ ದಾನದ ದಿನವನ್ನು ನೆನಪಿಸುವುದರ ಜೊತೆಗೆ, ಹಿಮೊಗ್ಲೋಬಿನ್ ಇಳಿದವರಿಗೆ ಆಹಾರ ಮತ್ತು ಔಷಧದ ಸಲಹೆ ಕೊಟ್ಟು ಮತ್ತೆ ಯಾವಾಗ ಬರಬಹುದೆಂದು ತಿಳಿಸುವುದೂ ಇಂದಿನ ಮರುದಾನ ಕಾರ್ಯಕ್ರಮಗಳ ಭಾಗವಾಗಿದೆ.