8 ಎಕರೆ, 20 ಪಾಳಿ ನೀರು

ಬೀದರ ಜಿಲ್ಲೆಯ ಹುಮನಾಬಾದಿಗೆ ಹೊಂದಿಕೊಂಡಿರುವ ಮಾಣಿಕನಗರದ ಸುತ್ತಮುತ್ತ ತೊಗರಿಯೂ ಉಂಟು, ಕಬ್ಬೂ ಉಂಟು. ಅಲ್ಲಿಯ ರೈತನೊಬ್ಬನನ್ನು ಊಹಿಸಿಕೊಳ್ಳೋಣ. ಅವನಿಗೆ 8 ಎಕರೆ ಭೂಮಿ ಇದೆ, ಬಾವಿಯಲ್ಲಿ 20 ಪಾಳಿ ನೀರಿದೆ. ಕಬ್ಬು ಎಕರೆಗೆ 4 ಪಾಳಿ ಕುಡಿಯುತ್ತದೆ, ತೊಗರಿಗೆ 1 ಸಾಕು. ಖರ್ಚು ಕಳೆದು ಎಕರೆ ಕಬ್ಬಿನಲ್ಲಿ 50,000 ರೂಪಾಯಿ, ತೊಗರಿಯಲ್ಲಿ 20,000 ರೂಪಾಯಿ ಉಳಿಯುತ್ತದೆ ಎನ್ನೋಣ. ಇವು ಲೆಕ್ಕದ ಅನುಕೂಲಕ್ಕೆ ಹಾಕಿಕೊಂಡ ಅಂಕಿಗಳು, ಪೇಟೆಯ ಧಾರಣೆಯಲ್ಲ.

ಹಣ ಹೆಚ್ಚು ತರುವ ಕಬ್ಬನ್ನೇ ಹಾಕಿದರೆ ನೀರು 5 ಎಕರೆಗೇ ಮುಗಿಯುತ್ತದೆ. 3 ಎಕರೆ ಬೀಳು ಬಿದ್ದು, 2,50,000 ಕೈಗೆ ಬರುತ್ತದೆ. ಎಲ್ಲವೂ ತೊಗರಿಯಾದರೆ 1,60,000. 12 ಪಾಳಿ ನೀರು ಬಾವಿಯಲ್ಲೇ ಉಳಿಯಿತು. 4 ಎಕರೆ ಕಬ್ಬು, 4 ಎಕರೆ ತೊಗರಿ ಎಂದಾಗ ನೆಲವೂ ನೀರೂ ಸರಿಯಾಗಿ ಮುಗಿದು 2,80,000 ಬರುತ್ತದೆ. ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಈ ಮಿತಿಗಳನ್ನು ಹಾಳೆಯ ಮೇಲೆ ಗೆರೆಗಳಾಗಿ ಎಳೆದರೆ ಒಂದು ಬಹುಭುಜ ಮೂಡುತ್ತದೆ. ಅತ್ಯುತ್ತಮ ಉತ್ತರ ಅದರ ಯಾವುದಾದರೊಂದು ಮೂಲೆಯಲ್ಲಿ ಸಿಕ್ಕೇ ಸಿಗುತ್ತದೆ. ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಗಣಿತದ ತಿರುಳು ಇಷ್ಟೇ. ಇಲ್ಲಿ ಪ್ರೋಗ್ರಾಮ್ ಎಂದರೆ ಕಂಪ್ಯೂಟರಿನದಲ್ಲ, ನಮ್ಮ ದೂರದರ್ಶನದ್ದೂ ಅಲ್ಲ. ಸೈನ್ಯದವರು ತಮ್ಮ ಕಾರ್ಯಯೋಜನೆಗೆ ಬಳಸುತ್ತಿದ್ದ ಮಾತು.

ಅಮೆರಿಕದ ವಾಯುಪಡೆಗೆ ಕೆಲಸ ಮಾಡುತ್ತಿದ್ದ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಮೂಲೆಯಿಂದ ಮೂಲೆಗೆ ಹೆಜ್ಜೆಯಿಟ್ಟು ಸಾಗುವ ಸಿಂಪ್ಲೆಕ್ಸ್ ವಿಧಾನವನ್ನು ಕಂಡುಹಿಡಿದರು. ಮೊದಲ ದೊಡ್ಡ ಪರೀಕ್ಷೆ ಊಟದ್ದೇ! 77 ಆಹಾರ ಪದಾರ್ಥಗಳಲ್ಲಿ ಅತಿ ಅಗ್ಗದ ಪೌಷ್ಟಿಕ ಊಟ ಯಾವುದು? ಅರ್ಥಶಾಸ್ತ್ರಜ್ಞ ಸ್ಟಿಗ್ಲರ್ 1945ರಲ್ಲಿ ಜಾಣ ಊಹೆಯಿಂದ ವರ್ಷಕ್ಕೆ 39.93 ಡಾಲರ್ ಎಂದಿದ್ದರು. ಗುಮಾಸ್ತರು ಕೈಯಂತ್ರಗಳಲ್ಲಿ ಲೆಕ್ಕ ಹಾಕಿದಾಗ ಬಂದದ್ದು 39.69. ಅದಕ್ಕೆ ಹಿಡಿದದ್ದು ಸುಮಾರು 120 ಆಳುದಿನ. ಹುಮನಾಬಾದು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ 1949ರಲ್ಲಿ, ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಇಂಥ ವಿಧಾನಗಳನ್ನೊಳಗೊಂಡ ಕಾರ್ಯಾಚರಣೆ ಸಂಶೋಧನೆಗೆ ಘಟಕ ತೆರೆಯಿತು. ಮುಂದೆ 1984ರಲ್ಲಿ, ಗ್ವಾಲಿಯರಿನಲ್ಲಿ ಹುಟ್ಟಿದ ನರೇಂದ್ರ ಕರ್ಮಾರ್ಕರ್, ಬಹುಭುಜದ ಒಳಗಿನಿಂದಲೇ ಉತ್ತರದತ್ತ ಸಾಗುವ ದಾರಿ ತೋರಿಸಿದರು.

ಆದರೆ ಡಾಂಟ್ಜಿಗ್‌ಗಿಂತ 8 ವರ್ಷ ಮೊದಲೇ, 1939ರಲ್ಲಿ, ಲೆನಿನ್‌ಗ್ರಾಡಿನ ಲಿಯೊನಿದ್ ಕಾಂತರೊವಿಚ್ ಇದೇ ವಿಷಯದ ಕಿರುಹೊತ್ತಗೆ ಪ್ರಕಟಿಸಿದ್ದರು. ಪ್ಲೈವುಡ್ ಕಾರ್ಖಾನೆಯವರು 8 ಯಂತ್ರ, 5 ಬಗೆಯ ಮರದ ಲೆಕ್ಕ ಹಿಡಿದು ಅವರ ಬಳಿ ಬಂದದ್ದೇ ಇದಕ್ಕೆ ಕಾರಣ. ಅವರ ಲೆಕ್ಕ ಪ್ರತಿಯೊಂದು ಅಭಾವಕ್ಕೂ ಒಂದು ಬೆಲೆ ಕಟ್ಟುತ್ತಿತ್ತು. ವಸ್ತುವಿನ ಮೌಲ್ಯ ದುಡಿಮೆಯಿಂದಲೇ ಬರುತ್ತದೆಂದು ನಂಬಿದ ಸೋವಿಯತ್ ವ್ಯವಸ್ಥೆಗೆ ಅದು ಹಿಡಿಸಲಿಲ್ಲ. ಇಂಗ್ಲಿಷಿಗೆ ಬರಲು 1960 ಆಯಿತು. 1975ರ ನೊಬೆಲ್ ಅವರಿಗೂ ಕೂಪ್‌ಮನ್ಸ್‌ಗೂ ಹೋಯಿತು. ಡಾಂಟ್ಜಿಗ್ ಹೆಸರಿರಲಿಲ್ಲ, ಇದು ಸರಿಯಾಗಲಿಲ್ಲವೆಂದೇ ನನ್ನ ಅನಿಸಿಕೆ.

ಆ 'ಬೆಲೆ' ನಮ್ಮ ರೈತನ ಬಾವಿಯಲ್ಲೂ ಉಂಟು. 20ರ ಬದಲು 21 ಪಾಳಿ ನೀರು ಸಿಕ್ಕರೆ ಹೊಸ ಹಂಚಿಕೆಯಲ್ಲಿ ಆದಾಯ 2,90,000 ಆಗುತ್ತದೆ. ಪಕ್ಕದ ಹೊಲದವನು ಒಂದು ಪಾಳಿಗೆ 8,000 ಕೇಳಿದರೆ ಕೊಳ್ಳಬಹುದು. 12,000 ಎಂದರೆ ಕೈಮುಗಿದು ಬರಬೇಕು.