ಸವದತ್ತಿ ರಟ್ಟರ ವಂಶಾವಳಿ ಮತ್ತು ಬೆಳಗಾವಿ ಕೋಟೆಯ ಶಾಸನಗಳು

ಬೆಳಗಾವಿ ಕೋಟೆಯಲ್ಲಿ ದೊರೆತು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ 1204ರ ಎರಡು ಶಿಲಾಶಾಸನಗಳು, ಆಗ ವೇಣುಗ್ರಾಮವೆನಿಸಿದ್ದ ಈ ಊರಿನಿಂದ ಆಳುತ್ತಿದ್ದ ರಟ್ಟ ಮನೆತನದ ನಾಲ್ಕನೆಯ ಕಾರ್ತವೀರ್ಯ ಹಾಗೂ ಅವನ ತಮ್ಮ ಯುವರಾಜ ಮಲ್ಲಿಕಾರ್ಜುನರ ವಂಶವನ್ನು ವಿವರಿಸಿ, ಅಧಿಕಾರಿ ಬೀಚಣನು ಕಟ್ಟಿಸಿದ ರಟ್ಟಜಿನಾಲಯಕ್ಕೆ ಬಿಟ್ಟ ದತ್ತಿಗಳನ್ನು ದಾಖಲಿಸುತ್ತವೆ. ರಟ್ಟರು ಮಹಾಮಂಡಲೇಶ್ವರರು, ಎಂದರೆ ಚಕ್ರವರ್ತಿಯ ಅಧೀನದಲ್ಲಿ ನಾಡೊಂದನ್ನು ವಂಶಪಾರಂಪರ್ಯವಾಗಿ ಆಳಿದ ಸಾಮಂತರು. ಸುಗಂಧವರ್ತಿ, ಅಂದರೆ ಇಂದಿನ ಸವದತ್ತಿ, ಅವರ ಮೊದಲ ನೆಲೆಯಾಗಿದ್ದು, ಕೂಂಡಿ 3000 ಎಂಬ ಆಡಳಿತ ವಿಭಾಗವು ಅವರ ಕೈಯಲ್ಲಿತ್ತು. ಅವರ ಶಾಸನಗಳನ್ನು ಕಾಲಕ್ರಮದಲ್ಲಿ ಓದಿದಾಗ, ಮನೆತನದ ಅಧಿಕಾರ ಬೆಳೆದಂತೆ ಅದು ಹೇಳಿಕೊಂಡ ಮೂಲವೂ ಹಿರಿದಾದುದು ಕಂಡುಬರುತ್ತದೆ.

ನಂತರದ ರಟ್ಟರು ತಮ್ಮನ್ನು ರಾಷ್ಟ್ರಕೂಟ ಕೃಷ್ಣನ ಅನ್ವಯದವರೆಂದು ಹೇಳಿಕೊಂಡು, ರಾಷ್ಟ್ರಕೂಟರ ಮೂಲಸ್ಥಾನವಾದ ಲಟ್ಟಲೂರಿನ, ಎಂದರೆ ಇಂದಿನ ಮಹಾರಾಷ್ಟ್ರದ ಲಾತೂರಿನ, ಅಧೀಶ್ವರರೆಂಬ ಬಿರುದನ್ನೂ ಸುವರ್ಣ ಗರುಡಧ್ವಜವನ್ನೂ ಧರಿಸಿದರು. ಆದರೆ ಸವದತ್ತಿಯ ಶಾಸನದಲ್ಲಿ ಶಕ 797ರ, ಅಂದರೆ ಕ್ರಿ.ಶ. 875ರ, ತೇದಿಯೊಡನೆ ಬರುವ ಪೃಥ್ವೀರಾಮನು ಮೇರಡನ ಮಗ, ಕಾರೇಯಗಣದ ಜೈನಗುರು ಇಂದ್ರಕೀರ್ತಿಯ ಶಿಷ್ಯ. ಅವನಿಗೆ ಸಾಮಂತಪದವಿ ದೊರೆತದ್ದು ಕೃಷ್ಣರಾಜನ ಅನುಗ್ರಹದಿಂದಲೇ ಹೊರತು ಹುಟ್ಟಿನ ಹಕ್ಕಿನಿಂದಲ್ಲ. ಇವನ ಮಗ ಪಿಟ್ಟುಗ. ಪಿಟ್ಟುಗನ ಮಗ ಶಾಂತಿವರ್ಮನು 980ರಲ್ಲಿ ಕಲ್ಯಾಣ ಚಾಲುಕ್ಯ ಎರಡನೆಯ ತೈಲಪನ ಸಾಮಂತನಾಗಿದ್ದನು. ಅಜ್ಜನಿಂದ ಮೊಮ್ಮಗನಿಗೆ 105 ವರ್ಷಗಳ ಅಂತರವು ಅಸಹಜವಾಗಿರುವುದರಿಂದಲೂ, ಬೇರೆ ಬೇರೆ ಕಾಲದ ದತ್ತಿಗಳನ್ನು ಆ ಕಲ್ಲಿನಲ್ಲಿ ಮುಂದೆ ಒಟ್ಟಾಗಿ ಕಂಡರಿಸಿರುವುದರಿಂದಲೂ, ಇಲ್ಲಿನ ಕೃಷ್ಣನು ಎರಡನೆಯವನಲ್ಲ, 10ನೆಯ ಶತಮಾನದ ಮೂರನೆಯ ಕೃಷ್ಣನೆಂಬ ವಾದವು ಹೆಚ್ಚು ಸಮಂಜಸವಾಗಿದೆ.

ಅದೇ 980ರ ಸೊಗಲದ ಶಾಸನವು ನನ್ನನ ಮಗ ಮೊದಲನೆಯ ಕಾರ್ತವೀರ್ಯನನ್ನು ಹೆಸರಿಸುತ್ತದೆ. ಶಾಂತಿವರ್ಮನೊಡನೆ ಹಳೆಯ ಶಾಖೆ ಮರೆಯಾಗಿ, ಮುಂದಿನ ಅರಸರೆಲ್ಲರೂ ಈ ಎರಡನೆಯ ಶಾಖೆಯವರೇ ಆಗಿದ್ದಾರೆ. ಕಾರ್ತವೀರ್ಯನ ಮಕ್ಕಳು ದಾವರಿ ಮತ್ತು ಕನ್ನಕೈರ. ಕನ್ನಕೈರನ ಮಕ್ಕಳು ಎರೆಗ ಮತ್ತು ಅಂಕ. ಅವರ ನಂತರ ಮೊದಲನೆಯ ಸೇನ, ಅವನ ಮಕ್ಕಳಾದ ಎರಡನೆಯ ಕನ್ನಕೈರ ಮತ್ತು ಎರಡನೆಯ ಕಾರ್ತವೀರ್ಯ, ಬಳಿಕ ಎರಡನೆಯ ಸೇನ, ಮೂರನೆಯ ಕಾರ್ತವೀರ್ಯ, ಮೊದಲನೆಯ ಲಕ್ಷ್ಮೀದೇವ ಎಂಬ ಕ್ರಮದಲ್ಲಿ ವಂಶವು ಬೆಳಗಾವಿಯ ಸಹೋದರರನ್ನು ತಲುಪುತ್ತದೆ. ಮೈಲಲದೇವಿ, ಭಾಗಲದೇವಿ, ಪದ್ಮಲದೇವಿ, ಚಂದ್ರಿಕಾದೇವಿ ಮೊದಲಾದ ರಾಣಿಯರ ಹೆಸರುಗಳನ್ನು ಶಾಸನಕವಿಗಳು ತಪ್ಪದೆ ಉಳಿಸಿರುವುದರಿಂದ, ಮನೆತನದ ಪ್ರತಿಷ್ಠೆಯಲ್ಲಿ ತಾಯಂದಿರಿಗಿದ್ದ ಸ್ಥಾನವೂ ವ್ಯಕ್ತವಾಗುತ್ತದೆ.

ಇದೇ ಪ್ರದೇಶದ ಗೋವೆ ಕದಂಬರ ರಾಜಸಂಬಂಧವು ಭಿನ್ನ ಬಗೆಯದು. ಖಾನಾಪುರ ತಾಲೂಕಿನ ಹಲಸಿ, ಎಂದರೆ ಪಲಸಿಗೆ 12000 ನಾಡಿನ ಮುಖ್ಯಸ್ಥಳವು, ಅವರ ಅಧೀನದಲ್ಲಿತ್ತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ತನ್ನ ಮಗಳು ಮೈಲಲದೇವಿಯನ್ನು ಎರಡನೆಯ ಜಯಕೇಶಿಗೆ ವಿವಾಹ ಮಾಡಿಕೊಟ್ಟಿದ್ದರಿಂದ, ಹಲಸಿಯ ನರಸಿಂಹ ದೇವಾಲಯದ ಶಾಸನದಲ್ಲಿ ಬರುವ ಶಿವಚಿತ್ತ ಮತ್ತು ವಿಷ್ಣುಚಿತ್ತರು ಚಕ್ರವರ್ತಿಯ ದೌಹಿತ್ರರು, ಅಂದರೆ ಮಗಳ ಮಕ್ಕಳು. ಕದಂಬರ ಸಂಬಂಧಕ್ಕೆ ಸಮೀಪಕಾಲದ ವಿವಾಹವೇ ಆಧಾರವಾಗಿದ್ದರೆ, ರಟ್ಟರ ಸಂಬಂಧಕ್ಕೆ ಅಳಿದುಹೋದ ಸಾಮ್ರಾಜ್ಯದ ನೆನಪು ಆಧಾರವಾಗಿತ್ತು.

ಮೊದಲು ಕದಂಬರದಾಗಿದ್ದ ವೇಣುಗ್ರಾಮವನ್ನು ಪಡೆದ ರಟ್ಟರಿಗೆ, ಚಾಲುಕ್ಯರ ಅಧಿಕಾರ ಕುಸಿದಿದ್ದ ಆ ಕಾಲದಲ್ಲಿ, ಸ್ವತಂತ್ರ ಅರಸರಿಗೆ ಸಲ್ಲುವ ಕುಲಮೂಲವೊಂದು ಅಗತ್ಯವಾಗಿತ್ತು. ನಾಲ್ಕನೆಯ ಕಾರ್ತವೀರ್ಯನ ಮಗ ಎರಡನೆಯ ಲಕ್ಷ್ಮೀದೇವನು 1228ರ ಸವದತ್ತಿ ಶಾಸನದಲ್ಲಿ ಕಾಣಿಸಿಕೊಂಡ ಬಳಿಕ, ಸೇವುಣ ಸಿಂಘಣನ ದಂಡನಾಯಕ ವೀಚಣನು ರಟ್ಟರನ್ನು ಅಡಗಿಸಿದನೆಂದು 1238ರ ಹರಳಹಳ್ಳಿಯ ದಾಖಲೆ ತಿಳಿಸುತ್ತದೆ. ಆದ್ದರಿಂದ ರಟ್ಟರ ವಂಶಾವಳಿಯಲ್ಲಿ ನನ್ನನಿಂದೀಚಿನ ಭಾಗವನ್ನು ಇತಿಹಾಸವೆಂದು ಸ್ವೀಕರಿಸಿ, ರಾಷ್ಟ್ರಕೂಟ ಮೂಲದ ಮಾತನ್ನು ಅದನ್ನು ಬರೆಯಿಸಿದ ಕಾಲದ ರಾಜಕೀಯಕ್ಕೆ ಸಾಕ್ಷಿಯಾಗಿ ಓದುವುದು ಉಚಿತ.