ನಾಲ್ಕು ಪಾಯಿಂಟ್ ದಂಡ ಸಾಕಾಗಲ್ಲ: ಸ್ನೂಕರ್‌ಗೆ ‘ಫ್ರೀ ಬಾಲ್’ ಯಾಕೆ ಬೇಕಾಯ್ತು?

ಇವತ್ತು ಸ್ನೂಕರ್ ಕಥೆ. ಯೂಟ್ಯೂಬ್‌ನಲ್ಲಿ ಮ್ಯಾಚ್ ನೋಡುವಾಗ ಈ ದೃಶ್ಯ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಆಟಗಾರ ರೆಡ್ ಬಾಲ್‌ಗೆ ಗುರಿ ಇಡ್ತಾನೆ, ತಪ್ಪಿಹೋಗುತ್ತೆ. ರೆಫ್ರಿ ‘ಫೌಲ್’ ಅಂತಾರೆ. ಆಮೇಲೆ ಟೇಬಲ್ ಹತ್ತಿರ ಬಗ್ಗಿ ನೋಡಿ ‘ಫ್ರೀ ಬಾಲ್’ ಅಂತ ಸೇರಿಸ್ತಾರೆ. ಎದುರಾಳಿ ಬಂದು ಆರಾಮಾಗಿ ಬ್ರೌನ್ ಬಾಲ್ ಹೊಡೆದು ಪಾಟ್ ಮಾಡ್ತಾನೆ. ಅಲ್ಲ, ರೆಡ್ ಹೊಡೀಬೇಕಿತ್ತಲ್ವಾ? ಬ್ರೌನ್ ಹೊಡೆದ್ರೂ ಇದು ಫೌಲ್ ಯಾಕಲ್ಲ?

ಇದಕ್ಕೆ ಉತ್ತರ ಬೇಕಂದ್ರೆ ಈ ಆಟ ಹುಟ್ಟಿದ ಜಾಗಕ್ಕೆ ಹೋಗಬೇಕು. ಅದು ಇಂಗ್ಲೆಂಡ್ ಅಲ್ಲ, ನಮ್ಮ ದೇಶದ ಜಬಲ್‌ಪುರ.

ವರ್ಷ 1875. ಅಲ್ಲಿ ಬ್ರಿಟಿಷರ ಡೆವನ್‌ಷೈರ್ ರೆಜಿಮೆಂಟ್ ಬೀಡುಬಿಟ್ಟಿತ್ತು. ಮಳೆಗಾಲದಲ್ಲಿ ಅಧಿಕಾರಿಗಳಿಗೆ ಹೊತ್ತು ಹೋಗಬೇಕಲ್ಲ, ಮೆಸ್‌ನಲ್ಲಿದ್ದ ಬಿಲಿಯರ್ಡ್ಸ್ ಟೇಬಲ್ ಸುತ್ತ ಸೇರ್ತಿದ್ರು. ಆಗ ಅಲ್ಲಿ ‘ಪಿರಮಿಡ್ಸ್’, ‘ಲೈಫ್ ಪೂಲ್’, ‘ಬ್ಲ್ಯಾಕ್ ಪೂಲ್’ ಅನ್ನೋ ಆಟಗಳು ನಡೀತಿದ್ವು. ಎಲ್ಲವೂ ಬಾಜಿ ಕಟ್ಟಿ ಆಡುವಂಥವು. ನೆವಿಲ್ ಚೇಂಬರ್ಲೇನ್ ಅನ್ನೋ ಯುವ ಅಧಿಕಾರಿ ಇವುಗಳನ್ನ ಬೆರೆಸಿ, ಪಿರಮಿಡ್ಸ್‌ನ 15 ಕೆಂಪು ಬಾಲ್‌ಗಳ ಜೊತೆಗೆ ಬಣ್ಣದ ಬಾಲ್‌ಗಳನ್ನೂ ಇಟ್ಟು ಹೊಸ ಆಟ ಶುರು ಮಾಡಿದ. ಹಾಂ, ಮುಂದೆ ಬ್ರಿಟನ್ ಪ್ರಧಾನಿಯಾದ ಚೇಂಬರ್ಲೇನ್ ಬೇರೆ. ಹೆಸರು ಒಂದೇ, ಆಳು ಬೇರೆ.

‘ಸ್ನೂಕರ್’ ಅನ್ನೋ ಹೆಸರು ಬಂದಿದ್ದು ಒಂದು ತಮಾಷೆಯಿಂದ. ಇಂಗ್ಲೆಂಡಿನ ವೂಲಿಚ್ ಮಿಲಿಟರಿ ಅಕಾಡೆಮಿಯಲ್ಲಿ ಮೊದಲ ವರ್ಷದ ಹುಡುಗರನ್ನ ‘ಸ್ನೂಕರ್’ ಅಂತ ಕಾಲೆಳೀತಿದ್ರಂತೆ. ಅಂದ್ರೆ ಏನೂ ಗೊತ್ತಿಲ್ಲದ ಹೊಸಬ. ಒಂದು ದಿನ ಒಬ್ಬ ಅಧಿಕಾರಿ ಸುಲಭದ ಪಾಟ್ ತಪ್ಪಿಸಿಕೊಂಡಾಗ ಚೇಂಬರ್ಲೇನ್ ಅವನನ್ನ ‘ಸ್ನೂಕರ್’ ಅಂತ ಕರೆದ. ಅವನಿಗೆ ಬೇಜಾರಾಗಬಾರದು ಅಂತ, ಈ ಆಟದಲ್ಲಿ ನಾವೆಲ್ಲರೂ ಸ್ನೂಕರ್‌ಗಳೇ ಬಿಡು ಅಂದ. ಹೆಸರು ಆಟಕ್ಕೇ ಅಂಟಿಕೊಳ್ತು. ಇದನ್ನೆಲ್ಲ ಹೇಳಿದ್ದು ಚೇಂಬರ್ಲೇನ್ ತಾನೇ, 1938ರಲ್ಲಿ, ‘ದಿ ಫೀಲ್ಡ್’ ಪತ್ರಿಕೆಗೆ ಬರೆದ ಪತ್ರದಲ್ಲಿ.

ಮುಂದೆ ಅವನಿಗೆ ಮದ್ರಾಸ್ ಸೇನೆಯ ಮುಖ್ಯಸ್ಥರ ಜೊತೆ ಕೆಲಸ ಸಿಕ್ತು, ಬೇಸಿಗೆಯಲ್ಲಿ ವಾಸ ಊಟಿಯಲ್ಲಿ. ನಾವು ಬಂಡೀಪುರ ದಾಟಿ ವೀಕೆಂಡ್‌ಗೆ ಹೋಗ್ತೀವಲ್ಲ, ಅದೇ ಊಟಿ. 1880ರ ದಶಕದ ಆರಂಭದಲ್ಲಿ ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ರೂಮಿನಲ್ಲಿ ಈ ಆಟದ ನಿಯಮಗಳನ್ನ ಬರೆದು ಗೋಡೆಗೆ ಹಾಕಿದ್ರು. ಸ್ನೂಕರ್‌ಗೆ ಕಾನೂನು ಅಂತ ಬಂದಿದ್ದು ಅಲ್ಲಿಂದ.

ಈಗ ಫೌಲ್ ವಿಷಯಕ್ಕೆ ಬರೋಣ. ಹಳೇ ‘ಲೈಫ್ ಪೂಲ್’ನಲ್ಲಿ ಪ್ರತಿಯೊಬ್ಬನಿಗೂ ಮೂರು ‘ಜೀವ’. ತಪ್ಪು ಬಾಲ್‌ಗೆ ಹೊಡೆದ್ರೆ ಒಂದು ಜೀವ ಹೋಯ್ತು, ದುಡ್ಡು ಕಕ್ಕಬೇಕಿತ್ತು. ಸ್ನೂಕರ್‌ನಲ್ಲೂ ಫೌಲ್ ಅಂದ್ರೆ ದಂಡವೇ, ಆದ್ರೆ ದುಡ್ಡಿನ ಬದಲು ಪಾಯಿಂಟ್. ಕನಿಷ್ಠ 4 ಪಾಯಿಂಟ್ ಎದುರಾಳಿಗೆ. ಬ್ಲೂ ಸಿಕ್ಕಿಕೊಂಡ್ರೆ 5, ಪಿಂಕ್ ಆದ್ರೆ 6, ಬ್ಲ್ಯಾಕ್ ಆದ್ರೆ 7. ಲೆಕ್ಕ ಸರಿಯಾಗೇ ಇದೆ ಅನ್ಸುತ್ತೆ, ಅಲ್ವಾ?

ಇಲ್ಲೇ ತೊಡಕು. ಬೆಂಗಳೂರಲ್ಲಿ ಕೆಲವರು ನೋ ಪಾರ್ಕಿಂಗ್ ಜಾಗದಲ್ಲಿ ಗಾಡಿ ನಿಲ್ಲಿಸಿ, ದಂಡ ಬಿದ್ರೆ ಕಟ್ಟಿದ್ರಾಯ್ತು ಅಂತ ಹೋಗ್ತಾರೆ. ಅವರಿಗೆ ದಂಡ ಶಿಕ್ಷೆ ಅಲ್ಲ, ಬಾಡಿಗೆ. ಸ್ನೂಕರ್‌ನಲ್ಲೂ ಹಾಗೇ ಆಗಬಹುದು. ನಾನು ರೆಡ್ ಹೊಡೀಬೇಕು, ತಪ್ಪಿಸ್ತೀನಿ, 4 ಪಾಯಿಂಟ್ ಕೊಡ್ತೀನಿ. ಆದ್ರೆ ನನ್ನ ಬಿಳಿ ಬಾಲ್ ಹೋಗಿ ಬ್ರೌನ್ ಹಿಂದೆ ಅಡಗಿ ಕೂತ್ಕೊಂಡ್ರೆ? ಈಗ ನಿಮಗೆ ರೆಡ್ ಕಾಣೋದೇ ಇಲ್ಲ. ಹೀಗೆ ಸಿಕ್ಕಿಬೀಳೋದಕ್ಕೇ ‘ಸ್ನೂಕರ್ ಆಗೋದು’ ಅಂತಾರೆ. ತಪ್ಪು ಮಾಡಿದ್ದು ನಾನು, ಒದ್ದಾಡೋದು ನೀವು. ನೀವೂ ತಪ್ಪಿಸಿದ್ರೆ ನನ್ನ 4 ಪಾಯಿಂಟ್ ನನಗೇ ವಾಪಸ್.

ಈ ಅನ್ಯಾಯಕ್ಕೆ ಉತ್ತರವೇ ಫ್ರೀ ಬಾಲ್. ನಿಯಮ ಇಷ್ಟು: ಫೌಲ್ ಆದ ಮೇಲೆ, ನೀವು ಹೊಡೀಬೇಕಾದ ಬಾಲ್‌ನ ಎಡ ಅಂಚು, ಬಲ ಅಂಚು ಎರಡಕ್ಕೂ ನೇರ ದಾರಿ ಇರಬೇಕು. ಬೇರೆ ಬಾಲ್ ಅಡ್ಡ ಬಂದು ಒಂದೇ ಒಂದು ಅಂಚು ಮುಚ್ಚಿಹೋಗಿದ್ರೂ ಫ್ರೀ ಬಾಲ್. ಹಲವು ರೆಡ್ ಇದ್ರೆ, ಯಾವುದಾದ್ರೂ ಒಂದಕ್ಕೆ ಹೀಗೆ ಪೂರ್ತಿ ದಾರಿ ಇದ್ರೆ ಸಾಕು, ಫ್ರೀ ಬಾಲ್ ಸಿಗಲ್ಲ. ಒಂದು ರೆಡ್‌ಗೆ ಇನ್ನೊಂದು ರೆಡ್ ಅಡ್ಡ ನಿಂತ್ರೆ ಅದು ಅಡ್ಡಿ ಅಂತ ಲೆಕ್ಕಕ್ಕೆ ಬರಲ್ಲ.

ಫ್ರೀ ಬಾಲ್ ಸಿಕ್ರೆ ಟೇಬಲ್ ಮೇಲಿನ ಯಾವ ಬಾಲನ್ನ ಬೇಕಾದ್ರೂ ‘ಇದೇ ನನ್ನ ರೆಡ್’ ಅಂತ ಹೆಸರಿಸಿ ಹೊಡೀಬಹುದು. ಬ್ಲ್ಯಾಕ್ ಪಾಟ್ ಮಾಡಿದ್ರೂ ಸಿಗೋದು 7 ಅಲ್ಲ, ರೆಡ್‌ನ ಬೆಲೆ 1 ಮಾತ್ರ. ಆ ಬ್ಲ್ಯಾಕ್ ಮತ್ತೆ ತನ್ನ ಜಾಗಕ್ಕೆ ಬರುತ್ತೆ. ಆಮೇಲೆ ಎಂದಿನಂತೆ ಒಂದು ಕಲರ್.

ಬರೀ 1 ಪಾಯಿಂಟ್‌ಗೆ ಇಷ್ಟೊಂದು ಗಲಾಟೆನಾ? ಒಂದು ಲೆಕ್ಕ ಹಾಕೋಣ. ನನ್ನ ಸ್ಕೋರ್ 60, ನಿಮ್ಮದು 20. ಟೇಬಲ್ ಮೇಲೆ ಒಂದೇ ರೆಡ್, ಜೊತೆಗೆ ಆರೂ ಕಲರ್. ರೆಡ್ 1, ಅದರ ಜೊತೆ ಬ್ಲ್ಯಾಕ್ 7, ಆಮೇಲೆ ಕಲರ್‌ಗಳಿಗೆ 27. ಒಟ್ಟು 35. ನೀವು 40 ಹಿಂದೆ, ಎಲ್ಲ ಪಾಟ್ ಮಾಡಿದ್ರೂ ಮುಟ್ಟಲ್ಲ. ಈಗ ನಾನು ಫೌಲ್ ಮಾಡ್ದೆ. 4 ಪಾಯಿಂಟ್ ಸಿಕ್ಕಿ ನೀವು 24 ಆದ್ರಿ, ಅಂತರ 36. ಟೇಬಲ್ ಮೇಲೆ 35. ಈಗಲೂ ಸೋಲೇ. ಆದ್ರೆ ಫ್ರೀ ಬಾಲ್ ಸಿಕ್ರೆ? ಅದು ಒಂದು ಹೆಚ್ಚುವರಿ ರೆಡ್ ಇದ್ದ ಹಾಗೆ. 1 ಮತ್ತು 7, ಅಂದ್ರೆ 8 ಪಾಯಿಂಟ್ ಜಾಸ್ತಿ. 35 ಇದ್ದದ್ದು 43 ಆಯ್ತು. ಮುಗಿದೇ ಹೋಗಿದ್ದ ಫ್ರೇಮ್‌ಗೆ ಜೀವ ಬಂತು.

ಈ ಹೆಚ್ಚುವರಿ ರೆಡ್‌ನಿಂದ ಒಂದು ಚರಿತ್ರೆಯೂ ಆಗಿದೆ. 15 ರೆಡ್, 15 ಬ್ಲ್ಯಾಕ್, ಕೊನೆಗೆ ಕಲರ್‌ಗಳು ಸೇರಿ 147. ಅದೇ ಗರಿಷ್ಠ ಅಂತ ಎಲ್ಲರೂ ಹೇಳ್ತಾರೆ. ಆದ್ರೆ 2004ರ ಅಕ್ಟೋಬರ್‌ನಲ್ಲಿ, ಯುಕೆ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ, ಸ್ಕಾಟ್ಲೆಂಡಿನ ಜೇಮಿ ಬರ್ನೆಟ್ 148 ಬಾರಿಸಿದ. ಎದುರಾಳಿ ಫೌಲ್ ಮಾಡಿದ್ದ, ಬರ್ನೆಟ್‌ಗೆ ಫ್ರೀ ಬಾಲ್ ಸಿಕ್ತು. ಬ್ರೌನನ್ನ ರೆಡ್ ಅಂತ ಹೊಡೆದು 1, ಅದೇ ಬ್ರೌನನ್ನ ಕಲರ್ ಅಂತ ಹೊಡೆದು 4. ಆಮೇಲೆ 15 ರೆಡ್ ಇನ್ನೂ ಹಾಗೇ ಇತ್ತು! ವೃತ್ತಿಪರ ಟೂರ್ನಿಯಲ್ಲಿ 147 ದಾಟಿದ ಮೊದಲ ಬ್ರೇಕ್ ಅದು. ಕಾಗದದ ಮೇಲೆ ಹೀಗೆ 155ರವರೆಗೂ ಹೋಗಬಹುದು.

ಹಾಗಾದ್ರೆ ಫ್ರೀ ಬಾಲ್ ಸಿಕ್ಕವನು ಅದನ್ನ ದುರುಪಯೋಗ ಮಾಡಿದ್ರೆ? ಅದಕ್ಕೂ ಬೇಲಿ ಇದೆ. ತಾನು ಹೆಸರಿಸಿದ ಬಾಲ್ ಹಿಂದೆಯೇ ಬಿಳಿ ಬಾಲ್ ಅಡಗಿಸಿ ಎದುರಾಳಿಯನ್ನ ಸ್ನೂಕರ್ ಮಾಡಿದ್ರೆ ಅದು ಫೌಲ್. ಪಿಂಕ್ ಮತ್ತು ಬ್ಲ್ಯಾಕ್ ಎರಡೇ ಉಳಿದಾಗ ಮಾತ್ರ ಇದಕ್ಕೆ ವಿನಾಯಿತಿ.

ಫೌಲ್‌ಗೆ ಉತ್ತರ ಫ್ರೀ ಬಾಲ್ ಒಂದೇ ಅಲ್ಲ. ಬಾಲ್‌ಗಳು ಕಷ್ಟದ ಜಾಗದಲ್ಲಿ ನಿಂತಿದ್ರೆ ‘ನೀನೇ ಮತ್ತೆ ಆಡು’ ಅಂತ ತಪ್ಪು ಮಾಡಿದವನನ್ನೇ ಕಳಿಸಬಹುದು. ಇನ್ನು, ಕೈಲಾದಷ್ಟು ಪ್ರಯತ್ನ ಮಾಡಿ ಹೊಡೆದಿಲ್ಲ ಅಂತ ರೆಫ್ರಿಗೆ ಅನ್ಸಿದ್ರೆ ‘ಫೌಲ್ ಅಂಡ್ ಎ ಮಿಸ್’. ಆಗ ಎದುರಾಳಿ ಕೇಳಿದ್ರೆ ಬಾಲ್‌ಗಳನ್ನ ಮೊದಲಿದ್ದ ಜಾಗಕ್ಕೇ ಇಟ್ಟು ಮತ್ತೆ ಹೊಡೆಸ್ತಾರೆ. ಎದುರಿಗೇ ನೇರವಾಗಿ ಪೂರ್ತಿ ಕಾಣ್ತಿರೋ ಬಾಲನ್ನ ಸತತ ಮೂರು ಸಲ ತಪ್ಪಿಸಿದ್ರೆ ಫ್ರೇಮೇ ಹೋಗುತ್ತೆ. ಎರಡನೇ ಸಲಕ್ಕೆ ರೆಫ್ರಿ ಎಚ್ಚರಿಕೆ ಕೊಟ್ಟಿರ್ತಾರೆ.

ಈ ನಿಯಮಗಳೆಲ್ಲ ಊಟಿಯ ಗೋಡೆ ಮೇಲೆ ಒಂದೇ ದಿನ ಬಂದಿದ್ದಲ್ಲ. 1900ರಲ್ಲಿ ಲಂಡನ್ನಿನ ಬಿಲಿಯರ್ಡ್ಸ್ ಅಸೋಸಿಯೇಷನ್ ಆಟಕ್ಕೆ ಅಧಿಕೃತ ನಿಯಮ ಕೊಟ್ಟಿತು. 1919ರಲ್ಲಿ ಎರಡು ಸಂಸ್ಥೆಗಳು ಒಂದಾಗಿ ಎಲ್ಲರಿಗೂ ಒಂದೇ ನಿಯಮ ಅಂತ ಮಾಡಿದ್ವು. 1927ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದು ಜೋ ಡೇವಿಸ್ ಗೆದ್ದ. ಗೆಳೆಯರ ನಡುವಿನ ಆಟದಲ್ಲಿ ನಗುತ್ತಾ ಮರೆತುಬಿಡಬಹುದಾದ ತಪ್ಪು, ಪ್ರಶಸ್ತಿ ಹಣ ಬಂದಾಗ ತಂತ್ರವಾಗುತ್ತೆ. ಒಂದೊಂದು ತಂತ್ರಕ್ಕೂ ಒಂದೊಂದು ಬಾಗಿಲು ಮುಚ್ಚಬೇಕಾಯ್ತು. ಎಲ್ಲದರ ಹಿಂದೆ ಇರೋದು ಒಂದೇ ಮಾತು: ತಪ್ಪು ಮಾಡಿದವನು ದಂಡ ಕಟ್ಟಿದ್ರೆ ಸಾಲದು, ಆ ತಪ್ಪಿನಿಂದ ಅವನಿಗೆ ಲಾಭವೂ ಆಗಬಾರದು. ಕ್ರಿಕೆಟ್‌ನಲ್ಲಿ ನೋ ಬಾಲ್‌ಗೆ ಒಂದು ರನ್ ಕೊಟ್ಟು ಸುಮ್ಮನಾಗದೆ ಫ್ರೀ ಹಿಟ್ ಕೊಡ್ತಾರಲ್ಲ, ಅದೂ ಇದೇ ಜಾತಿಯ ಯೋಚನೆ.

ಜಬಲ್‌ಪುರದಲ್ಲಿ ಹುಟ್ಟಿ, ಊಟಿಯಲ್ಲಿ ನಿಯಮ ಪಡೆದ ಈ ಆಟದಲ್ಲಿ 2003ರಲ್ಲಿ ಬೆಂಗಳೂರಿನ ಪಂಕಜ್ ಅಡ್ವಾಣಿ ಚೀನಾದಲ್ಲಿ ವಿಶ್ವ ಅಮೆಚೂರ್ ಚಾಂಪಿಯನ್ ಆದ್ರು. ಇವತ್ತು ನಮ್ಮ ಊರುಗಳ ಸ್ನೂಕರ್ ಪಾರ್ಲರ್‌ಗಳಲ್ಲಿ ರೆಫ್ರಿ ಇರಲ್ಲ. ಫ್ರೀ ಬಾಲ್ ಹೌದೋ ಅಲ್ವೋ ಅನ್ನೋ ಜಗಳ ಮಾತ್ರ ಇದ್ದೇ ಇರುತ್ತೆ. ಅದಕ್ಕೆ ಆಟ ಶುರುವಾಗೋ ಮುಂಚೆಯೇ ಮಾತಾಡ್ಕೊಳ್ಳಿ: ಎರಡೂ ಅಂಚು ಕಾಣಬೇಕು, ಅಷ್ಟೇ ಪರೀಕ್ಷೆ. ಅಂಗಿ ತೋಳು ಬಾಲ್‌ಗೆ ತಾಗಿದ್ದು ಯಾರೂ ನೋಡದಿದ್ರೂ ‘ಫೌಲ್, ನಂದೇ’ ಅಂತ ತಾನಾಗಿ ಹೇಳೋದು ಸ್ನೂಕರ್‌ನ ಹಳೇ ಸಂಪ್ರದಾಯ. ದೊಡ್ಡ ದೊಡ್ಡ ಆಟಗಾರರು ಟಿವಿ ಮುಂದೆಯೂ ಹಾಗೆ ಹೇಳ್ತಾರೆ. ನಿಮ್ಮ ಪಾರ್ಲರ್‌ನಲ್ಲಿ ಹಾಗೆ ಹೇಳೋ ಒಬ್ಬ ಗೆಳೆಯ ಇದ್ರೆ ಈ ಸಂಚಿಕೆ ಅವನಿಗೆ ಕಳಿಸಿ. ಹೇಳದೇ ಇರೋನಿಗಂತೂ ಖಂಡಿತ ಕಳಿಸಿ.